ಕಾರ್ಡಿನ ಹಿಂಬದಿ

ನಾನು ಗ್ರಂಥಾಲಯ ವಿಜ್ಞಾನ ವಿಭಾಗಕ್ಕೆ ಬಂದಿದ್ದು ಕನ್ನಡ ಐಚ್ಛಿಕ ತಗೊಂಡು ಬಿ.ಎ. ಮುಗಿಸಿ. ವರ್ಗೀಕರಣ, ಸೂಚೀಕರಣ ಬೇಗ ಹಿಡಿಸಿದವು. ಆಮೇಲೆ ಬಂತು ಉಲ್ಲೇಖ ವಿಶ್ಲೇಷಣೆ, ಅಂದರೆ ಸೈಟೇಷನ್ ಅನಾಲಿಸಿಸ್. ಯಾವ ಲೇಖಕರನ್ನು ಯಾರು ಯಾರು ಉಲ್ಲೇಖಿಸಿದ್ದಾರೆ, ಎಷ್ಟು ಸಲ, ಅದರಿಂದ ಏನು ತಿಳಿಯುತ್ತದೆ ಅನ್ನುವ ಪಾಠ. ಅದನ್ನು ಕಲಿಸಿದ ಮೇಡಂ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಆಸೆ ಇತ್ತು. ಹೆಸರು ಹಾಕುತ್ತಿಲ್ಲ. ಆ ವರ್ಷಗಳಲ್ಲಿ ಓದಿದವರಿಗೆ ಹೇಳುವುದೇ ಬೇಡ, ಅಲ್ವಾ?

ಮೊದಲ ಕ್ಲಾಸಿನಲ್ಲಿ ಅವರು ಹೇಳಿದ್ದು ವಕೀಲರ ವಿಷಯ. ಅಮೆರಿಕದಲ್ಲಿ 1873ರಿಂದಲೇ ಶೆಪರ್ಡ್ ಅನ್ನುವ ಸೂಚಿ ಬರುತ್ತಿತ್ತು. ಹಳೆಯ ತೀರ್ಪೊಂದನ್ನು ಮುಂದೆ ಯಾವ ಯಾವ ತೀರ್ಪಿನಲ್ಲಿ ಎತ್ತಿಕೊಂಡಿದ್ದಾರೆ, ಅದು ಇನ್ನೂ ನಿಲ್ಲುತ್ತದೋ ಬಿದ್ದುಹೋಗಿದೆಯೋ ಅಂತ ಅದರಲ್ಲಿ ನೋಡಬಹುದು. ಅಮೆರಿಕದ ಮಾಹಿತಿ ವಿಜ್ಞಾನಿ ಯೂಜೀನ್ ಗಾರ್ಫೀಲ್ಡ್ ಇದನ್ನೇ ನೋಡಿ 1955ರಲ್ಲಿ ವಿಜ್ಞಾನಕ್ಕೂ ಇಂಥ ಸೂಚಿ ಬೇಕು ಅಂತ ಬರೆದರು. 1960ರ ದಶಕದಲ್ಲಿ ಅವರ ಸೈನ್ಸ್ ಸೈಟೇಷನ್ ಇಂಡೆಕ್ಸ್ ಬಂತು. ಯಾರು ದೊಡ್ಡವರು ಅಂತ ಅಳೆಯುವುದಕ್ಕಲ್ಲ ಅದು ಹುಟ್ಟಿದ್ದು. ಒಂದು ವಿಚಾರ ಮುಂದೆ ಏನಾಯಿತು, ಯಾರು ಒಪ್ಪಿದರು, ಯಾರು ಟೀಕಿಸಿದರು ಅಂತ ಹುಡುಕಲು ಹುಟ್ಟಿದ್ದು. ಇದನ್ನು ಮೇಡಂ ಎಷ್ಟು ಸಲ ಹೇಳಿದರೂ ಅವರಿಗೆ ಸಾಕಾಗುತ್ತಿರಲಿಲ್ಲ.

ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ರಂಗನಾಥನ್ ಅವರ ಹೆಸರು ಬಂದರಂತೂ ಮೇಡಂ ದನಿಯೇ ಬದಲಾಗುತ್ತಿತ್ತು. ಗ್ರಂಥಾಲಯದ ಕೆಲಸಕ್ಕೆ ಅಂಕಿಸಂಖ್ಯೆಯ ವಿಧಾನ ಬೇಕು ಅಂತ ಎಸ್.ಆರ್. ರಂಗನಾಥನ್ 1948ರಲ್ಲೇ ಇಂಗ್ಲೆಂಡಿನ ಸಭೆಯೊಂದರಲ್ಲಿ ಹೇಳಿದ್ದರು. ಅದಕ್ಕೆ 'ಲೈಬ್ರಮೆಟ್ರಿ' ಅಂತ ಹೆಸರನ್ನೂ ಕೊಟ್ಟಿದ್ದರು. 1962ರಲ್ಲಿ ಬೆಂಗಳೂರಿನಲ್ಲೇ ಡಿಆರ್‌ಟಿಸಿ ಅನ್ನುವ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದರು. "ಇದು ಹೊರಗಿನಿಂದ ಬಂದ ವಿದ್ಯೆ ಅಂತ ದೂರ ನಿಲ್ಲಬೇಡಿ" ಅನ್ನುತ್ತಿದ್ದರು ಮೇಡಂ.

ನಮ್ಮ ಡಿಸರ್ಟೇಷನ್‌ಗೆ ಅವರು ಮಾಡಿಸಿದ ಕೆಲಸ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಜರ್ನಲ್‌ಗಳ ಬೌಂಡ್ ವಾಲ್ಯೂಮ್ ಇಳಿಸಿಕೊಂಡು, ಲೇಖನದ ಕೊನೆಯ ಪಟ್ಟಿಯಲ್ಲಿರುವ ಒಂದೊಂದು ಉಲ್ಲೇಖಕ್ಕೂ ಒಂದೊಂದು ಕಾರ್ಡು. ಮೇಲಿನ ಸಾಲಿನಲ್ಲಿ ಲೇಖಕರ ಹೆಸರು, ಅಚ್ಚಿನಲ್ಲಿ ಹೇಗಿದೆಯೋ ಹಾಗೇ, ಚುಕ್ಕಿ ಸಮೇತ. ಕೆಳಗೆ ವರ್ಷ, ಜರ್ನಲ್, ಪುಟ. ಇಷ್ಟು ಎಲ್ಲರೂ ಮಾಡಿಸುತ್ತಾರೆ. ಮೇಡಂ ಕಾರ್ಡನ್ನು ತಿರುಗಿಸಿ ಹಿಂಬದಿಯಲ್ಲಿ ಇನ್ನೊಂದು ಸಾಲು ಬರೆಸುತ್ತಿದ್ದರು. ಲೇಖನದ ಯಾವ ವಾಕ್ಯದಲ್ಲಿ ಈ ಉಲ್ಲೇಖ ಬಂದಿದೆಯೋ ಆ ವಾಕ್ಯ. ಅದರ ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಒಂದು ಗುರುತು: ಒಪ್ಪಿ ಹೇಳಿದ್ದಾ, ಅಲ್ಲಗಳೆದದ್ದಾ, ವಿಧಾನ ತಗೊಂಡಿದ್ದಾ, ಸುಮ್ನೆ ಹೆಸರು ಹೇಳಿದ್ದಾ. ಈ ಹಿಂಬದಿಗಾಗಿ ಇಡೀ ಲೇಖನ ಓದಲೇಬೇಕಾಗುತ್ತಿತ್ತು. ಬೇರೆ ಗೈಡ್‌ಗಳ ಹುಡುಗರು ಎಣಿಸಿ ಮುಗಿಸಿ ಊರಿಗೆ ಹೋದರು. ನಾವು ರೀಡಿಂಗ್ ರೂಮಿನಲ್ಲೇ ಇದ್ದೆವು.

ಇದು ಯಾಕೆ ಬೇಕು ಅಂತ ಯಾರೋ ಕೇಳಿದಾಗ ಮೇಡಂ ನನ್ನ ಕಡೆ ತಿರುಗಿದರು. "ನೀನು ಕನ್ನಡ ಓದಿದವನಲ್ವಾ, ಪೊನ್ನ ಅಸಗನ ಬಗ್ಗೆ ಏನು ಹೇಳ್ತಾನೆ?" ಹತ್ತನೇ ಶತಮಾನದ ಪೊನ್ನ, ಕನ್ನಡ ಕವಿತೆಯಲ್ಲಿ ತಾನು ಹಿಂದಿನ ಕವಿ ಅಸಗನಿಗಿಂತ ನೂರು ಪಟ್ಟು ಮೇಲು ಅಂತ ಹೇಳಿಕೊಂಡಿದ್ದಾನೆ. "ಹಾಗಾದ್ರೆ ಇದು ಅಸಗನಿಗೆ ಒಂದು ಸೈಟೇಷನ್. ಎಣಿಸುವವನ ಲೆಕ್ಕದಲ್ಲಿ ಹೊಗಳಿಕೆಯೂ ಒಂದೇ, ಇದೂ ಒಂದೇ. ಆದರೆ ಕಾರ್ಡಿನ ಹಿಂಬದಿ ಬರೆದವನಿಗೆ ಇನ್ನೊಂದು ವಿಷಯ ಗೊತ್ತಾಗುತ್ತೆ. ಮೀರಿಸಿದೆ ಅಂತ ಹೇಳ್ಕೊಳ್ಳೋಕೆ ಪೊನ್ನ ಆರಿಸಿಕೊಂಡಿದ್ದು ಅಸಗನನ್ನೇ!"

ಅವತ್ತಿನ ಕ್ಲಾಸು ಗಂಟೆ ಹೊಡೆದರೂ ಮುಗಿಯಲಿಲ್ಲ. ಅಸಗನ ಸಂಸ್ಕೃತ ಕಾವ್ಯ ಉಳಿದಿದೆ, ಕನ್ನಡ ಕಾವ್ಯ ಸಿಕ್ಕಿಲ್ಲ. ಕನ್ನಡದ ಅಸಗ ಬದುಕಿರುವುದು ಬೇರೆಯವರ ಉಲ್ಲೇಖದಲ್ಲಿ ಮಾತ್ರ. ಕವಿರಾಜಮಾರ್ಗ ಹೆಸರಿಸುವ ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಇವರ ಕನ್ನಡ ಗದ್ಯದ ಕಥೆಯೂ ಅಷ್ಟೇ. ಹದಿಮೂರನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣ ಅನ್ನುವ ವ್ಯಾಕರಣದಲ್ಲಿ ತನ್ನ ಲಕ್ಷ್ಯಕ್ಕೆ, ಅಂದರೆ ಉದಾಹರಣೆಗೆ, ಯಾರ ಯಾರ ದಾರಿ ಹಿಡಿದೆ ಅಂತ ಒಂದು ಪದ್ಯದಲ್ಲಿ ಪಟ್ಟಿ ಕೊಡುತ್ತಾನೆ. ಗಜಗ, ಗುಣನಂದಿ, ಅಸಗ, ಗುಣವರ್ಮ, ಪೊನ್ನ, ಪಂಪ ಎಲ್ಲರೂ ಅದರಲ್ಲಿದ್ದಾರೆ. ಮೇಡಂ ಅದನ್ನು ಬೋರ್ಡಿನ ಮೇಲೆ ಬರೆದು ಹೆಸರಿನಿಂದ ಹೆಸರಿಗೆ ಬಾಣ ಎಳೆದರು. ಹೆಸರು ಹೇಳಿಸಿಕೊಂಡವನು ಹೇಳಿದವನಿಗಿಂತ ಹಿಂದಿನವನು, ಇಲ್ಲವೇ ಅವನ ಕಾಲದವನು. ಆರ್. ನರಸಿಂಹಾಚಾರ್ಯರು ಕರ್ನಾಟಕ ಕವಿಚರಿತೆಯಲ್ಲಿ ಎಷ್ಟೋ ಕವಿಗಳ ಕಾಲವನ್ನು ಅಂದಾಜು ಮಾಡಿದ್ದು ಇಂಥ ಬಾಣಗಳ ನೆರವಿನಿಂದಲೇ. ಅದರ ಮೊದಲ ಸಂಪುಟ ಬಂದಿದ್ದು 1907ರಲ್ಲಿ, ಗಾರ್ಫೀಲ್ಡ್ ಹುಟ್ಟುವುದಕ್ಕೂ ಮುಂಚೆ. ಬಿ.ಎ.ನಲ್ಲಿ ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಹೆಸರುಗಳು ಅವತ್ತು ಒಬ್ಬರನ್ನೊಬ್ಬರು ಓದುತ್ತಿದ್ದ ಜನರಾಗಿ ಕಂಡವು. ನಾನು ಈ ಕೆಲಸವನ್ನೇ ಹಿಡಿಯಬೇಕು ಅಂತ ತೀರ್ಮಾನ ಮಾಡಿದ್ದು ಆ ಸಂಜೆ.

ಹೆಸರಿನ ವಿಷಯದಲ್ಲಿ ಮೇಡಂ ಬಹಳ ಕಟ್ಟುನಿಟ್ಟು. ಕೆ.ವಿ. ಪುಟ್ಟಪ್ಪ ಅಂತ ಒಂದು ಕಾರ್ಡು, ಕುವೆಂಪು ಅಂತ ಇನ್ನೊಂದು ಕಾರ್ಡು ಬಂದರೆ ಇಬ್ಬರು ಲೇಖಕರಾಗಿಬಿಡುತ್ತಾರೆ. ವಿ.ಕೃ. ಗೋಕಾಕ್ ಮತ್ತು ವಿನಾಯಕ, ಬೇಂದ್ರೆ ಮತ್ತು ಅಂಬಿಕಾತನಯದತ್ತ, ಹೀಗೇ. ವಿಜ್ಞಾನದ ಕಡೆ ಕಷ್ಟ ಇನ್ನೂ ಜಾಸ್ತಿ. ನಮ್ಮ ಹಳೆ ಮೈಸೂರು ಕಡೆಯವರಿಗೆ ಮನೆತನದ ಹೆಸರು ಅಂತ ಇರುವುದೇ ಕಡಿಮೆ. ಊರು, ಅಪ್ಪನ ಹೆಸರು ಇನಿಷಿಯಲ್ ಆಗಿರುತ್ತವೆ. ಜರ್ನಲಿನವರು ಸರ್‌ನೇಮ್ ಕೇಳಿದಾಗ ಒಂದು ಸಲ ಅಪ್ಪನ ಹೆಸರು ಕೊಡುತ್ತಾರೆ, ಇನ್ನೊಂದು ಸಲ ತಮ್ಮದೇ ಹೆಸರು. ಒಬ್ಬರ ಕೆಲಸ ಎರಡು ಹೆಸರಲ್ಲಿ ಹರಿದು ಹಂಚಿಹೋಗುತ್ತದೆ. ಆರ್. ಪಾಟೀಲ್ ಅಂದರೆ ಇದರ ಉಲ್ಟಾ: ಹತ್ತಾರು ಜನರ ಕೆಲಸ ಒಬ್ಬರ ಲೆಕ್ಕಕ್ಕೆ ಬೀಳುತ್ತದೆ.

ಈಗ ಕಾಲೇಜೊಂದರಲ್ಲಿ ಗ್ರಂಥಪಾಲಕನಾಗಿದ್ದೇನೆ. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನ ಬಂತು ಅಂದರೆ ಎಲ್ಲ ವಿಭಾಗದವರ ಸೈಟೇಷನ್, ಎಚ್-ಇಂಡೆಕ್ಸ್ ತೆಗೆದುಕೊಡುವುದು ನಮ್ಮ ಕೆಲಸ. ಎಚ್-ಇಂಡೆಕ್ಸ್ ಅನ್ನು ಭೌತವಿಜ್ಞಾನಿ ಹಿರ್ಷ್ 2005ರಲ್ಲಿ ಸೂಚಿಸಿದರು. ತಲಾ ಕನಿಷ್ಠ ಹತ್ತು ಸಲ ಉಲ್ಲೇಖಗೊಂಡ ಹತ್ತು ಲೇಖನ ಒಬ್ಬರಿಗಿದ್ದರೆ ಅವರ ಎಚ್-ಇಂಡೆಕ್ಸ್ ಹತ್ತು. ಲೆಕ್ಕ ಸುಲಭ, ಅದಕ್ಕೇ ಎಲ್ಲರಿಗೂ ಬೇಕು. ಹೊಸದಾಗಿ ಸೇರಿದ ಮೇಷ್ಟ್ರುಗಳಿಗೆ ನಾನು ಮೊದಲು ಮಾಡಿಸುವುದು ಆರ್ಕಿಡ್ (ORCID) ನಂಬರು, ಅಂದರೆ ಸಂಶೋಧಕರ ಗುರುತಿನ ಸಂಖ್ಯೆ, ಹೆಸರಿನ ಗೊಂದಲ ತಪ್ಪಲಿ ಅಂತ. ಆಮೇಲೆ ಅವರ ಪಕ್ಕ ಕೂತು, ಅವರನ್ನು ಉಲ್ಲೇಖಿಸಿದ ಲೇಖನಗಳನ್ನೇ ತೆಗೆದು ಓದಿಸುತ್ತೇನೆ. ಯಾರೋ ದೂರದವರು ತಮ್ಮ ವಿಧಾನವನ್ನು ಬಳಸಿಕೊಂಡಿದ್ದಾರೆ ಅಂತ ಕಂಡಾಗ ಅವರಿಗಾಗುವ ಖುಷಿ ಬರೀ ಅಂಕಿ ನೋಡಿದರೆ ಆಗುವುದಿಲ್ಲ.

ಆದರೆ ಕನ್ನಡ ವಿಭಾಗದ ಪ್ರಾಧ್ಯಾಪಕರು ಬಂದರೆ ನನ್ನ ಹತ್ತಿರ ಕೊಡಲು ಏನೂ ಇರುವುದಿಲ್ಲ. ಕನ್ನಡದಲ್ಲಿ ಬರುವ ಸಂಶೋಧನೆಯ ಬಹುಪಾಲು ಉಲ್ಲೇಖ ಎಣಿಸುವ ಡೇಟಾಬೇಸ್‌ಗಳಿಗೆ ಕಾಣುವುದೇ ಇಲ್ಲ. ಜೀವಮಾನವಿಡೀ ಶಾಸನ ಓದಿದವರ ಹೆಸರಿನ ಮುಂದೆ ಸೊನ್ನೆ ಬರೆಯಬೇಕಾಗುತ್ತದೆ. ಇದು ನನಗೆ ತುಂಬಾ ಸಂಕಟದ ವಿಷಯ.

ವಿಭಾಗದಲ್ಲಿ ಈಗ ಓದುತ್ತಿರುವ ತಮ್ಮ ತಂಗಿಯರಲ್ಲಿ ಒಂದು ಕೋರಿಕೆ. ಡಿಸರ್ಟೇಷನ್‌ಗೆ ವಿಷಯ ಹುಡುಕುತ್ತಿದ್ದರೆ ಒಂದು ಕನ್ನಡ ಸಂಶೋಧನಾ ಪತ್ರಿಕೆ ಹಿಡಿಯಿರಿ. ಒಂದು ದಶಕದ ಸಂಚಿಕೆ ಸಾಕು. ಅಡಿಟಿಪ್ಪಣಿಗಳನ್ನೆಲ್ಲ ಎತ್ತಿ ಬರೆಯಿರಿ, ಎಕ್ಸೆಲ್‌ನಲ್ಲೇ ಮಾಡಿ, ಕಾರ್ಡೇ ಆಗಬೇಕೆಂದಿಲ್ಲ. ಹಿಂಬದಿಯ ಸಾಲಿಗೆ ಒಂದು ಕಾಲಂ ಮಾತ್ರ ಮರೆಯದೆ ಇಡಿ. ಶನಿವಾರ ಮಧ್ಯಾಹ್ನ ನನಗೆ ಬಿಡುವಿರುತ್ತದೆ. ಕರೆದರೆ ಬಂದು ಜೊತೆಗೆ ಕೂರುತ್ತೇನೆ.