ಕದಿರು ಹುಡುಕಿದ ದಿನ

ಇಳಕಲ್ಲಿನ ಒಂದು ಹೈಸ್ಕೂಲಿಗೆ ಕನ್ನಡ ಟೀಚರಾಗಿ ಬಂದ ಮೊದಲ ವರ್ಷದ ಮಾತಿದು. ನನ್ನ ಊರು ಮಂಡ್ಯದ ಕಡೆ. ಗದ್ದೆ ಗೊತ್ತು, ಆಲೆಮನೆ ಗೊತ್ತು, ಮಗ್ಗ ಗೊತ್ತಿರಲಿಲ್ಲ. ಇಲ್ಲಿ ಬೆಳಿಗ್ಗೆ ಶಾಲೆಗೆ ಬರುವ ಓಣಿಯಲ್ಲೇ ಮಗ್ಗದ ಸದ್ದು. ನನ್ನ ಒಂಬತ್ತನೇ ಕ್ಲಾಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ನೇಕಾರರ ಮನೆಯವರು. ಕೆಲವರು ಶಾಲೆಗೆ ಬರುವ ಮುಂಚೆ ಒಂದು ತಾಸು ಮನೆಯಲ್ಲಿ ಕೆಲಸ ಮಾಡಿಯೇ ಬರುತ್ತಿದ್ದರು.

ಆ ವಾರ ವಚನ ಹೇಳಿಕೊಡುತ್ತಿದ್ದೆ. ಮಕ್ಕಳು ವಚನಗಳನ್ನು ಚೆನ್ನಾಗಿಯೇ ಬಾಯಿಪಾಠ ಮಾಡುತ್ತಿದ್ದರು. ಅಂಕಿತ ಯಾವುದು ಅಂದರೆ ತಟ್ಟನೆ ಹೇಳುತ್ತಿದ್ದರು. ಅರ್ಥ ಕೇಳಿದರೆ ಗೈಡಿನಲ್ಲಿದ್ದ ಸಾಲು ಹಾಗೇ ಬರುತ್ತಿತ್ತು. ಅದು ನನಗೆ ನೋವಾಗುತ್ತಿತ್ತು. ವಚನ ಬರೆದವರಲ್ಲಿ ಅಂಬಿಗರಿದ್ದರು, ಮಡಿವಾಳರಿದ್ದರು, ಬುಟ್ಟಿ ಹೆಣೆಯುವವರಿದ್ದರು. ಜೇಡರ ದಾಸಿಮಯ್ಯ ನೇಕಾರ. ಕೈಯಲ್ಲಿ ಕೆಲಸ ಇದ್ದವರ ಮಾತು, ಕೈಯಲ್ಲಿ ಕೆಲಸ ಇರುವ ಮಕ್ಕಳಿಗೆ ದೂರದ್ದು ಅನ್ನಿಸುತ್ತಿತ್ತಲ್ಲ, ಅದು ಪಾಠ ಮಾಡುವವಳ ತಪ್ಪೇ ಹೊರತು ಮಕ್ಕಳದ್ದಲ್ಲ.

ಅದಕ್ಕೇ ಆ ಶುಕ್ರವಾರ ನನ್ನ ಲ್ಯಾಪ್‌ಟಾಪ್ ತಂದೆ. ಫೋನಿನಿಂದ ಹಾಟ್‌ಸ್ಪಾಟ್ ಕೊಟ್ಟೆ. ಶಾಲೆಯ ಪ್ರೊಜೆಕ್ಟರ್ ಹಚ್ಚಿ, ಗೋಡೆ ಮೇಲೆ ‘ವಚನ ಸಂಚಯ’ ತೆರೆದೆ. ನೋಡದವರಿಗಾಗಿ ಹೇಳುತ್ತೇನೆ: ಕನ್ನಡದ ಮೇಲಿನ ಪ್ರೀತಿಯಿಂದ ಕೆಲವರು ಸೇರಿ ಕಟ್ಟಿ, ಎಲ್ಲರಿಗೂ ಪುಕ್ಕಟೆ ಬಿಟ್ಟುಕೊಟ್ಟ ತಾಣ ಅದು. 20 ಸಾವಿರಕ್ಕೂ ಹೆಚ್ಚು ವಚನಗಳಿವೆ. ಒಂದು ಪದ ಕೊಟ್ಟರೆ ಅದು ಯಾರ ಯಾರ ವಚನದಲ್ಲಿ ಬಂದಿದೆ ಅಂತ ತೋರಿಸುತ್ತದೆ. ಸರ್ಕಾರ ಅಚ್ಚು ಹಾಕಿಸಿದ ಸಮಗ್ರ ವಚನ ಸಂಪುಟ 15 ಸಂಪುಟಗಳದ್ದು. ನಮ್ಮ ಕಪಾಟಿನಲ್ಲಿ ಇದ್ದದ್ದು ಒಂದೇ ಸಂಪುಟ, ಅದಕ್ಕೂ ರಟ್ಟು ಕಿತ್ತಿತ್ತು.

“ನಿಮ್ಮ ಮನೆಯ ಯಾವುದಾದರೂ ಒಂದು ಪದ ಹೇಳಿ, ಹುಡುಕೋಣ” ಅಂದೆ.

ಯಾರೂ ಬಾಯಿ ಬಿಡಲಿಲ್ಲ. ಮನೆಯ ಪದ ಕನ್ನಡ ಪುಸ್ತಕದಲ್ಲಿ ಇರುತ್ತದೆ ಅಂತ ಅವರಿಗೆ ಅನ್ನಿಸಿರಲಿಲ್ಲ. ಕೊನೆಗೆ ಹಿಂದಿನ ಬೆಂಚಿನ ಹುಡುಗನೊಬ್ಬ ಮೆಲ್ಲಗೆ, “ರಾಟಿ ಹುಡುಕ್ರಿ ಟೀಚರ್” ಅಂದ. ಆ ಹುಡುಗ ಅಲ್ಲಿಯವರೆಗೆ ನನ್ನ ಕ್ಲಾಸಿನಲ್ಲಿ ಹಾಜರಿ ಬಿಟ್ಟು ಬೇರೇನೂ ಮಾತಾಡಿದವನಲ್ಲ.

ರಾಟಿ ಅಂತ ಟೈಪ್ ಮಾಡಿದೆ. ಬೇಕಾದದ್ದು ಸಿಗಲಿಲ್ಲ. ಅವನ ಮುಖ ಸಣ್ಣದಾಯಿತು. “ಪುಸ್ತಕದಾಗ ರಾಟೆ ಅಂತಾರ್ರಿ” ಅಂತ ಮುಂದಿನ ಬೆಂಚಿನ ಹುಡುಗಿ ಹೇಳಿದಳು. ರಾಟೆ ಅಂತ ಹಾಕಿದೆವು. ಆಗಲೂ ನಾನು ಮನಸ್ಸಿನಲ್ಲಿಟ್ಟುಕೊಂಡಿದ್ದ ವಚನ ಕಾಣಲಿಲ್ಲ. ನಾವು ಕೊಟ್ಟ ರೂಪವನ್ನಷ್ಟೇ ಅದು ಹುಡುಕುತ್ತಿತ್ತು. ಕನ್ನಡದಲ್ಲಿ ಪದ ಒಂಟಿಯಾಗಿ ಎಲ್ಲಿ ನಿಲ್ಲುತ್ತದೆ ಹೇಳಿ? ಬೆನ್ನಿಗೆ ಒಂದು ಪ್ರತ್ಯಯ ಇದ್ದೇ ಇರುತ್ತದೆ.

“ರಾಟೆ ಅನ್ನೋ ಪದ ವಾಕ್ಯದಲ್ಲಿ ಹೇಗೆಲ್ಲ ಬರಬಹುದು?” ಅಂತ ಕೇಳಿದೆ. ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಖುಷಿಯಾಗುತ್ತದೆ. ರಾಟೆಯನ್ನು, ರಾಟೆಯಿಂದ, ರಾಟೆಗೆ, ರಾಟೆಯ, ರಾಟೆಯಲ್ಲಿ. ಉ, ಅನ್ನು, ಇಂದ, ಗೆ ಅಂತ ವರ್ಷವಿಡೀ ಒಪ್ಪಿಸಿದ್ದ ವಿಭಕ್ತಿ ಪ್ರತ್ಯಯಗಳನ್ನು ಅವರು ಅಂದು ಒಂದು ಕೆಲಸಕ್ಕಾಗಿ ಬಳಸಿದರು. ಒಂದೊಂದನ್ನೇ ಹಾಕುತ್ತಾ ಹೋದೆವು. ‘ರಾಟೆಯ’ ಅಂದಾಗ ಗೋಡೆ ಮೇಲೆ ಕದಿರ ರೆಮ್ಮವ್ವೆ ಬಂದಳು.

“ನಾ ತಿರುಹುವ ರಾಟೆಯ ಕುಲಜಾತಿಯ ಕೇಳಿರಣ್ಣ.”

ನೂಲುವುದೇ ಕಾಯಕವಾಗಿದ್ದ ಶರಣೆ ಅವಳು. ಬೆರಳೆಣಿಕೆಯಷ್ಟು ವಚನ ಉಳಿದಿವೆ. ಆ ಒಂದು ಸಾಲಿನಲ್ಲೇ ನಾವು ಹದಿನೈದು ನಿಮಿಷ ನಿಂತೆವು. ರಾಟೆಯ, ಕುಲಜಾತಿಯ. ಎರಡರ ಕೊನೆಗೂ ‘ಯ’ ಇದೆ. ಎರಡೂ ಒಂದೇನಾ? ಮಕ್ಕಳು ಒಂದೇ ಅಂದರು. “ಹಾಗಾದರೆ ಈಗಿನ ಮಾತಿನಲ್ಲಿ ಹೇಳಿ” ಅಂದೆ. ಒಬ್ಬಳು ನಿಧಾನಕ್ಕೆ ಬಿಡಿಸಿದಳು: ನಾನು ತಿರುಗಿಸುವ ರಾಟೆಯ ಕುಲಜಾತಿಯನ್ನು ಕೇಳಿ. ಹೇಳಿ ಮುಗಿಸಿ ತಾನೇ ನಿಂತಳು. ಮೊದಲನೆಯದು ಷಷ್ಠಿ, ಎರಡನೆಯದು ದ್ವಿತೀಯಾ! ನಡುಗನ್ನಡದಲ್ಲಿ ‘ಅನ್ನು’ ಬದಲು ಬರೀ ‘ಅ’ ಬರುತ್ತದೆ ಅಂತ ನಾನು ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೇನೋ. ಅಂದು ನಾನು ಬರೆಯಬೇಕಾಗಲಿಲ್ಲ.

ಮುಂದಿನ ಸಾಲುಗಳಲ್ಲಿ ಅವಳು ರಾಟೆಯ ಒಂದೊಂದು ಭಾಗ ತೋರಿಸುತ್ತಾಳೆ. ಅಡಿಯ ಹಲಗೆ ಬ್ರಹ್ಮ, ತೋರಣ ವಿಷ್ಣು, ನಿಂತ ಬೊಂಬೆ ಮಹಾರುದ್ರ. ಅರಿವು ಅನ್ನುವುದು ಕದಿರು. ಭಕ್ತಿ ಅನ್ನುವ ಕೈಯಿಂದ ತಿರುಗಿಸಿದಾಗ ನೂಲು ಸುತ್ತಿತು, ಕದಿರು ತುಂಬಿತು. ‘ಕದಿರು’ ಅಂದರೇನು ಅಂತ ‘ಅಲರ್’ ನಿಘಂಟಿನಲ್ಲಿ ನೋಡಿದೆವು. ವಿ. ಕೃಷ್ಣ ಅನ್ನುವವರು ನಲವತ್ತಕ್ಕೂ ಹೆಚ್ಚು ವರ್ಷ ಒಬ್ಬರೇ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ಅದು. ಒಂದೂವರೆ ಲಕ್ಷ ಪದಗಳಿವೆ. 2019ರಿಂದ ಯಾರು ಬೇಕಾದರೂ ಉಚಿತವಾಗಿ ನೋಡಬಹುದು, ಬಳಸಬಹುದು. ಒಬ್ಬರು ಇಡೀ ಆಯಸ್ಸು ಕೊಟ್ಟು ಮಾಡಿದ್ದು ನಮ್ಮ ಕ್ಲಾಸಿನ ಗೋಡೆಗೆ ಬಂತಲ್ಲ ಅಂತ ಮಕ್ಕಳಿಗೆ ಹೇಳುವಾಗ ನನ್ನ ಗಂಟಲು ಕಟ್ಟಿತ್ತು.

ಕದಿರು ಅಂದರೆ ನೂಲುವ ಕಡ್ಡಿ. ಅಷ್ಟೇ ಅಲ್ಲ, ಬೆಳಕಿನ ಕಿರಣವೂ ಕದಿರು, ಕಾಳಿನ ತೆನೆಯೂ ಕದಿರು. ಇದನ್ನು ಓದುತ್ತಿದ್ದಂತೆ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. “ಟೀಚರ್, ಸೀರಿ ಸೆರಗಿನಾಗ ತೆನಿ ಐತ್ರಿ. ಟೋಪ ತೆನಿ!” ಅಂದ. ಇಳಕಲ್ ಸೀರೆಯ ಕೆಂಪು ಸೆರಗಿನ ಬಿಳಿ ವಿನ್ಯಾಸಕ್ಕೆ ಇಲ್ಲಿಯವರು ಹೇಳುವ ಹೆಸರು ಅದು. ಇಡೀ ಕ್ಲಾಸು ಅವನ ಕಡೆ ತಿರುಗಿತು. ಅವನು ಮಾತು ನಿಲ್ಲಿಸಲಿಲ್ಲ. ಒಡಲಿನ ಹಾಸು ಬೇರೆ ಇರುತ್ತದೆ, ಸೆರಗಿನ ಹಾಸು ಬೇರೆ ಇರುತ್ತದೆ, ಎರಡರ ಎಳೆಗಳನ್ನೂ ಕುಣಿಕೆ ಹಾಕಿ ಕೂಡಿಸುವುದಕ್ಕೆ ಕೊಂಡಿ ಅಂತಾರೆ ಅಂದ. ಎರಡು ಕೈಯ ತೋರುಬೆರಳನ್ನು ಒಂದಕ್ಕೊಂದು ಸಿಕ್ಕಿಸಿ ತೋರಿಸಿದ. ಆ ಬೆರಳುಗಳ ತುದಿ ನೀಲಿಯಾಗಿತ್ತು. ಬೆಳಿಗ್ಗೆ ಮುಟ್ಟಿದ ನೂಲಿನ ಬಣ್ಣ. ತಿಂಗಳುಗಟ್ಟಲೆ ಆ ಕೈ ಬೆಂಚಿನ ಕೆಳಗೇ ಇತ್ತು.

ವಚನದ ಕೊನೆಯ ಮಾತು ಸುಲಭದ್ದಲ್ಲ. “ರಾಟೆಯ ತಿರುಹಲಾರೆ, ಎನ್ನ ಗಂಡ ಕುಟ್ಟಿಹ.” ಹುಡುಗಿಯೊಬ್ಬಳು, “ಗಂಡ ಯಾಕ ಹೊಡಿತಾನ್ರಿ?” ಅಂದಳು. ಅನುಭಾವದ ಅರ್ಥ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಆ ಹುಡುಗ, “ನಮ್ಮಾಯಿನ್ನ ಕೇಳೋಣ್ರಿ. ಆಕಿ ಈಗ್ಲೂ ರಾಟಿ ತಿರುವ್ತಾಳ್ರಿ” ಅಂದ. ಆಯಿ ಅಂದರೆ ಅಜ್ಜಿ. ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. ನಾನು ಯಾರು, ಯಾಕೆ ಮಾಡಿದ್ದು ಅಂತ ಹೇಳಿ ಆ ಸಾಲು ಓದಿದೆ.

ಆ ಕಡೆ ಸ್ವಲ್ಪ ಹೊತ್ತು ರಾಟೆಯ ಸದ್ದು ಮಾತ್ರ. ಆಮೇಲೆ ಅದೂ ನಿಂತಿತು. “ನೂಲು ಹರಿದ್ರ, ಕಂಡಿಕಿ ಕಡಿಮಿ ಬಿದ್ರ ಹೊಡ್ಯಾವ್ರು ಇದ್ರವ್ವಾ ಆವಾಗ” ಅಂದರು. “ಆಕಿ ಖರೇನ ಬರದಾಳ. ಕೈ ಸೋತಿರ್ತಾವು, ಹೇಳಾಕ ಆಗೂದಿಲ್ಲ.” ನಾನು ಸಿದ್ಧ ಮಾಡಿಕೊಂಡಿದ್ದ ಅರ್ಥವನ್ನೂ ಆಮೇಲೆ ಹೇಳಿದೆ, ಅದೂ ಸುಳ್ಳಲ್ಲ. ಆದರೆ ಮಕ್ಕಳು ನೋಟ್‌ಬುಕ್ಕಿನಲ್ಲಿ ಮೊದಲು ಬರೆದುಕೊಂಡದ್ದು ಆಯಿಯ ಮಾತು.

ಮಾತಿನ ನಡುವೆ ‘ಕಂಡಿಕಿ’ ಬಂತಲ್ಲ, ಅದು ನನಗೆ ಹೊಸದು. ಲಾಳಿಯೊಳಗೆ ಇಡುವ ನೂಲಿನ ಸುರುಳಿ ಅಂತ ಮಕ್ಕಳೇ ಹೇಳಿಕೊಟ್ಟರು. ಇಂಥ ಪದಗಳನ್ನೆಲ್ಲ ಕೂಡಿಸೋಣ ಅಂತ ತೀರ್ಮಾನವಾಯಿತು. ಕನ್ನಡ ವಿಕ್ಷನರಿ ಅನ್ನುವ ಆನ್‌ಲೈನ್ ನಿಘಂಟಿಗೆ ಯಾರು ಬೇಕಾದರೂ ಪದ, ಅರ್ಥ ಸೇರಿಸಬಹುದು ಅಂದಾಗ ಅವರು ನಂಬಲಿಲ್ಲ. “ನಾವು ಬರದದ್ದು ಎಲ್ರೂ ಓದ್ತಾರೇನ್ರಿ?” ಅಂತ ಎರಡೆರಡು ಸಲ ಕೇಳಿದರು.

ಪದ ಬರೆಯಲು ಫೋನಿನ ಕೀಬೋರ್ಡಿನ ಮೈಕ್ ಬಳಸಿ ನೋಡಿದೆವು. ಮಾತಾಡಿದರೆ ಅಕ್ಷರ ಮೂಡುವುದನ್ನು ನೋಡಿ ಮಕ್ಕಳಿಗೆ ಸಂಭ್ರಮ. ಪಾಠದ ಸಾಲು ಓದಿದರೆ ಸರಿಯಾಗಿ ಬರುತ್ತಿತ್ತು. ಮನೆಮಾತು ಆಡಿದರೆ ಏನೇನೋ ಬರುತ್ತಿತ್ತು. ‘ತಿರುವ್ತಾಳ’ ಅನ್ನುವುದು ಅದರ ಕಿವಿಗೆ ಬೀಳಲೇ ಇಲ್ಲ. ಇದನ್ನು ಮಕ್ಕಳಿಗೆ ಬಿಡಿಸಿ ಹೇಳುವುದು ನನಗೆ ಮುಖ್ಯವಾಗಿತ್ತು. ತಪ್ಪು ನಿಮ್ಮ ಮಾತಿನದ್ದಲ್ಲ, ಆ ಯಂತ್ರಕ್ಕೆ ಇಲ್ಲಿಯ ಕನ್ನಡ ಇನ್ನೂ ಯಾರೂ ಸಾಕಷ್ಟು ಕಲಿಸಿಲ್ಲ ಅಂದೆ. ರೆಮ್ಮವ್ವೆ ‘ತಿರುಹು’ ಅಂದಿದ್ದಾಳೆ, ನಿಮ್ಮ ಆಯಿ ‘ತಿರುವು’ ಅಂತಾರೆ, ಪುಸ್ತಕ ‘ತಿರುಗಿಸು’ ಅನ್ನುತ್ತದೆ. ರೆಮ್ಮವ್ವೆಗೆ ಹತ್ತಿರ ಇರುವವರು ಯಾರು? ಅವರೇ ನೋಡಿ ಹೇಳಿದರು.

ಹಾಗಾಗಿ ಅರ್ಥಗಳನ್ನು ಕೈಯಲ್ಲೇ ಬರೆದರು. ಅದು ಒಳ್ಳೆಯದೇ ಆಯಿತು. ಕಂಡಿಕಿ ಅಂದರೇನು ಅಂತ, ಮಗ್ಗ ನೋಡದವರಿಗೂ ತಿಳಿಯುವ ಹಾಗೆ ಒಂದು ವಾಕ್ಯದಲ್ಲಿ ಬರೆಯುವುದು ಎಷ್ಟು ಕಷ್ಟ! ಒಂದು ಗುಂಪು ನಾಲ್ಕು ಸಲ ಹೊಡೆದುಹಾಕಿ ಬರೆಯಿತು. ಪ್ರಬಂಧದ ಪಿರಿಯಡ್ಡಿನಲ್ಲಿ ನಾನು ಎಷ್ಟು ಕೇಳಿದರೂ ಎರಡನೇ ಸಲ ಬರೆಯದ ಮಕ್ಕಳು ಅವರು. ಗಂಟೆ ಹೊಡೆಯಿತು. ಗಣಿತದ ಮೇಷ್ಟ್ರು ಬಾಗಿಲಲ್ಲಿ ನಿಂತು ನೋಡಿ, “ಇನ್ನೊಂದು ಹತ್ತು ನಿಮಿಷ ತಗೋರಿ” ಅಂತ ವಾಪಸ್ ಹೋದರು. ಆ ಹತ್ತು ನಿಮಿಷಕ್ಕೆ ಅವರಿಗೆ ನಾನು ಇಂದಿಗೂ ಋಣಿ.

ಹೋಗುವ ಮುಂಚೆ ಮೂರು ಹುಡುಗಿಯರು ಆ ವಚನವನ್ನು ನನ್ನ ಫೋನಿನಲ್ಲಿ ಓದಿ ರೆಕಾರ್ಡ್ ಮಾಡಿದರು. ಅದನ್ನು ಹುಡುಗನ ಅಪ್ಪನ ವಾಟ್ಸಾಪಿಗೆ ಕಳಿಸಿದೆ, ಆಯಿಗೆ ಕೇಳಿಸಲಿ ಅಂತ.

ಮರುದಿನ ಶನಿವಾರ, ಬೆಳಗಿನ ಶಾಲೆ. ಪ್ರಾರ್ಥನೆಗೂ ಮುಂಚೆ ಅವನು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ.

“ಆಯಿ ಮೂರು ಸಲ ಹಚ್ಚಿಸ್ಕೊಂಡು ಕೇಳಿದ್ಲ್ರಿ ಟೀಚರ್. ಒಂದು ಕೇಳ್ಕೊಂಡು ಬಾ ಅಂದಾಳ್ರಿ.”

“ಏನಪ್ಪ?”

“ಆ ರೆಮ್ಮವ್ವ ದಿನಕ್ಕ ಎಷ್ಟು ನೂಲು ತೆಗಿತಿದ್ಲಂತ?”

ಲ್ಯಾಪ್‌ಟಾಪ್ ತೆರೆದು ಅವನ ಕಡೆ ತಿರುಗಿಸಿದೆ. ಅವನು ಒಂದೊಂದೇ ಅಕ್ಷರ ಹುಡುಕಿ ‘ನೂಲು’ ಅಂತ ಒತ್ತಿದ. ಬಂದದ್ದನ್ನೆಲ್ಲ ಬೆರಳಿಟ್ಟು ಓದಿದ. ಆಮೇಲೆ ಅಳಿಸಿ ‘ನೂಲ’ ಅಂತ ಹಾಕಿದ. ಆಮೇಲೆ ‘ನೂಲಿನ’.