ವೆನಿಸ್, ಫ್ಲಾರೆನ್ಸ್, ರೋಮ್: ಇಟಲಿಯನ್ನು ಮೊದಲ ಬಾರಿ ರೈಲಿನಲ್ಲಿ ನೋಡಹೊರಟವರಿಗೆ

ಇಟಲಿಯ ನಕ್ಷೆ ಹಿಡಿದು ಕುಳಿತವರಿಗೆ ಎಲ್ಲ ಊರುಗಳೂ ಹತ್ತಿರದಲ್ಲೇ ಇರುವಂತೆ ಕಾಣುತ್ತವೆ, ಮತ್ತು ಅದು ಸುಳ್ಳಲ್ಲ. ವೇಗದ ರೈಲಿನಲ್ಲಿ ವೆನಿಸ್‌ನಿಂದ ಫ್ಲಾರೆನ್ಸ್‌ಗೆ ಸುಮಾರು ಎರಡೂಕಾಲು ಗಂಟೆ, ಅಲ್ಲಿಂದ ರೋಮ್‌ಗೆ ಒಂದೂವರೆ ಗಂಟೆ, ರೋಮ್‌ನಿಂದ ನೇಪಲ್ಸ್‌ಗೆ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು. ಈ ಅಂಕಿಗಳನ್ನು ನಂಬಿಯೇ ಹಲವರು ಒಂದು ವಾರದೊಳಗೆ ಐದಾರು ಊರುಗಳನ್ನು ತುರುಕಿಬಿಡುತ್ತಾರೆ. ಆದರೆ ಊರು ಬದಲಿಸುವ ದಿನ ಕಳೆದುಹೋಗುವುದು ರೈಲಿನಲ್ಲಿ ಅಲ್ಲ. ಬೆಳಿಗ್ಗೆ ಕೋಣೆ ಖಾಲಿ ಮಾಡುವುದರಲ್ಲಿ, ಲಗೇಜು ಎಳೆದುಕೊಂಡು ನಿಲ್ದಾಣ ತಲುಪುವುದರಲ್ಲಿ, ಮುಂದಿನ ಹೋಟೆಲಿನಲ್ಲಿ ಮಧ್ಯಾಹ್ನದವರೆಗೆ ಕೋಣೆಗಾಗಿ ಕಾಯುವುದರಲ್ಲಿ. ಆದ್ದರಿಂದ ಎಷ್ಟು ಊರು ನೋಡಬೇಕೆಂಬುದಕ್ಕಿಂತ ಎಷ್ಟು ಸಲ ಹೋಟೆಲು ಬದಲಿಸಬೇಕೆಂಬುದನ್ನು ಮೊದಲು ತೀರ್ಮಾನಿಸಿಕೊಳ್ಳುವುದು ಒಳ್ಳೆಯದು. ಎಪ್ಪತ್ತು ದಾಟಿದ ಅತ್ತೆಯವರೂ ಜೊತೆಗಿದ್ದುದರಿಂದ ನಾವು ಮೂರು ಊರುಗಳಲ್ಲಿ ಮಾತ್ರ ತಂಗಿದೆವು, ಉಳಿದವನ್ನು ಅಲ್ಲಿಂದಲೇ ಹೋಗಿ ಬಂದೆವು.

ವಿಮಾನದ ಟಿಕೆಟನ್ನು ಒಂದೇ ಊರಿಗೆ ಹೋಗಿ ಬರುವಂತೆ ಕೊಂಡರೆ ಕೊನೆಯಲ್ಲಿ ಮತ್ತೆ ಅದೇ ಊರಿಗೆ ಮರಳಬೇಕಾಗಿ ಅರ್ಧ ದಿನವೂ ಒಂದು ರೈಲಿನ ಖರ್ಚೂ ವ್ಯರ್ಥ. ಬುಕಿಂಗ್ ತಾಣಗಳಲ್ಲಿ ‘ಮಲ್ಟಿ ಸಿಟಿ’ ಆಯ್ಕೆ ಬಳಸಿ ವೆನಿಸ್‌ನಲ್ಲಿ ಇಳಿದು ರೋಮ್‌ನಿಂದ ಹೊರಡುವಂತೆ ಮಾಡಿಕೊಂಡರೆ ದಾರಿ ನೇರವಾಗುತ್ತದೆ. ಗಲ್ಫ್ ದೇಶಗಳ ವಿಮಾನ ಸಂಸ್ಥೆಗಳು ಈ ಎರಡೂ ಊರುಗಳಿಗೆ ಹಾರುವುದರಿಂದ ಬೆಂಗಳೂರಿನವರಿಗೆ ಇದು ಕಷ್ಟವಲ್ಲ. ಫ್ಲಾರೆನ್ಸ್‌ನಲ್ಲಿ ಬಿಡಾರ ಹೂಡಿದರೆ ಪೀಸಾ, ಲುಕ್ಕಾ, ಬೊಲೊನ್ಯಾಗಳನ್ನು ರೈಲಿನಲ್ಲಿ ಹೋಗಿ ಸಂಜೆಗೆ ಮರಳಬಹುದು. ಸಿಯೆನಾಕ್ಕೆ ಮಾತ್ರ ಬಸ್ಸೇ ಮೇಲು. ಅಲ್ಲಿನ ರೈಲು ನಿಲ್ದಾಣ ಗುಡ್ಡದ ಕೆಳಗಿದೆ, ಬಸ್ಸು ಹಳೆಯ ಊರಿನ ಅಂಚಿನವರೆಗೆ ಹೋಗುತ್ತದೆ. ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಪ್ರಾಚೀನ ನಗರ ಪೊಂಪೇಯನ್ನು ರೋಮ್‌ನಿಂದ ಒಂದೇ ದಿನದಲ್ಲಿ ನೋಡಿ ಬರುವವರಿದ್ದಾರೆ. ನೇಪಲ್ಸ್‌ವರೆಗೆ ವೇಗದ ರೈಲು, ಅಲ್ಲಿಂದ ಚಿರ್ಕುಮ್‌ವೆಸುವಿಯಾನಾ ಎಂಬ ಸ್ಥಳೀಯ ರೈಲಿನಲ್ಲಿ ಮತ್ತೆ ಮುಕ್ಕಾಲು ಗಂಟೆಯ ಒಳಗಿನ ದಾರಿ. ಆದರೆ ಆ ಸ್ಥಳೀಯ ರೈಲು ಬಹಳ ಕಿಕ್ಕಿರಿದಿರುತ್ತದೆ, ಪೊಂಪೇಯಲ್ಲಿ ನೆರಳು ಕಡಿಮೆ, ನಡೆಯುವುದು ಹೆಚ್ಚು. ಹಿರಿಯರಿದ್ದರೆ ನೇಪಲ್ಸ್‌ನಲ್ಲಿ ಒಂದು ರಾತ್ರಿ ತಂಗಿ, ಇಲ್ಲವೇ ಪೊಂಪೇಯನ್ನು ಮುಂದಿನ ಸಲಕ್ಕೆ ಬಿಡಿ.

ಇನ್ನು ಭಾರತೀಯರಿಗೆಂದೇ ಇರುವ ತೊಡಕು ವೀಸಾದ್ದು. ರೈಲಿನ ಅತಿ ಅಗ್ಗದ ಟಿಕೆಟುಗಳು ತಿಂಗಳುಗಳ ಮುಂಚೆಯೇ ಮಾರಾಟಕ್ಕೆ ಬರುತ್ತವೆ, ಮತ್ತು ಅವುಗಳ ಹಣ ಮರಳಿ ಬರುವುದಿಲ್ಲ. ಇಟಲಿ ಸೇರಿದಂತೆ ಯೂರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮುಂಚಿನಿಂದ ಹದಿನೈದು ದಿನ ಮುಂಚಿನವರೆಗೆ ಅರ್ಜಿ ಹಾಕಲು ಅವಕಾಶವಿದೆ; ವಯಸ್ಕರಿಗೆ ಶುಲ್ಕ 2024ರ ಜೂನ್‌ನಿಂದ 90 ಯೂರೊ, ಕನಿಷ್ಠ 30,000 ಯೂರೊ ಮೊತ್ತದ ಪ್ರವಾಸಿ ವೈದ್ಯಕೀಯ ವಿಮೆ ಕಡ್ಡಾಯ. ಬೇಸಿಗೆ ರಜೆ ಹತ್ತಿರವಾದಂತೆ ಅರ್ಜಿ ಕೇಂದ್ರದಲ್ಲಿ ಸಮಯ ಸಿಗುವುದೇ ಕಷ್ಟವಾಗುವುದರಿಂದ ಮೂರು ನಾಲ್ಕು ತಿಂಗಳ ಮೊದಲೇ ಅರ್ಜಿ ಹಾಕುವುದು ಕ್ಷೇಮ. ಹೋಟೆಲುಗಳನ್ನು ರದ್ದು ಮಾಡಬಹುದಾದ ಷರತ್ತಿನಲ್ಲೇ ಕಾಯ್ದಿರಿಸಿ, ಅರ್ಜಿಯಲ್ಲಿ ರೈಲಿನ ಯೋಜನೆಯನ್ನು ದಿನಾಂಕ ಸಹಿತ ಬರೆದು ಕೊಟ್ಟು, ಪಾಸ್‌ಪೋರ್ಟ್ ಕೈಗೆ ಬಂದ ದಿನವೇ ಕುಳಿತು ಟಿಕೆಟು ಕೊಳ್ಳಿ. ಸ್ವಲ್ಪ ಹೆಚ್ಚು ಬೆಲೆ ತೆರಬೇಕಾದೀತು, ಆದರೆ ವೀಸಾ ತಡವಾಗಿ ಇಡೀ ಹಣ ಮುಳುಗುವುದಕ್ಕಿಂತ ಅದು ವಾಸಿ.

ವೇಗದ ಮಾರ್ಗಗಳಲ್ಲಿ ಸರ್ಕಾರಿ ಒಡೆತನದ ತ್ರೆನಿಟಾಲಿಯಾ ಮತ್ತು 2012ರಲ್ಲಿ ಆರಂಭವಾದ ಖಾಸಗಿ ಇತಾಲೊ, ಎರಡೂ ಓಡುತ್ತವೆ. ಪೈಪೋಟಿಯಿಂದ ಪ್ರಯಾಣಿಕರಿಗೆ ಲಾಭವಾಗಿದೆ. ಒಂದೇ ದಿನದ, ಒಂದೇ ದಾರಿಯ ದರಗಳು ರೈಲಿನಿಂದ ರೈಲಿಗೆ ಬಹಳ ಬೇರೆಯಾಗಿರುವುದರಿಂದ ಎರಡನ್ನೂ ನೋಡಿಯೇ ಕೊಳ್ಳಬೇಕು. ಸೌಕರ್ಯದಲ್ಲಿ ನನಗೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ, ಎರಡನೆಯ ದರ್ಜೆಯೇ ಧಾರಾಳವಾಗಿ ಸಾಕು. ಇಲ್ಲಿ ವೇಟಿಂಗ್ ಲಿಸ್ಟ್ ಎಂಬುದಿಲ್ಲ. ಟಿಕೆಟು ಸಿಕ್ಕಿತೆಂದರೆ ಬೋಗಿ ಮತ್ತು ಸೀಟು ಖಚಿತ. ಯೂರೋಪಿನ ರೈಲುಗಳಲ್ಲಿ ಓಡಾಡಲು ವಿದೇಶಿಯರಿಗೆ ಸಿಗುವ ಯುರೇಲ್ ಪಾಸ್ ಬಗ್ಗೆ ಅನೇಕರು ಕೇಳುತ್ತಾರೆ. ತ್ರೆನಿಟಾಲಿಯಾದ ವೇಗದ ರೈಲುಗಳಲ್ಲಿ ಪಾಸ್ ಇದ್ದರೂ ಸೀಟಿಗೆ ಬೇರೆ ಹಣ ಕೊಟ್ಟು ಕಾಯ್ದಿರಿಸಬೇಕಾದ್ದರಿಂದ ಮೂರು ಊರುಗಳ ಪ್ರವಾಸಕ್ಕೆ ಅದು ಲೆಕ್ಕಕ್ಕೆ ಬರುವುದಿಲ್ಲ.

ಟಿಕೆಟು ಹುಡುಕುವಾಗ ಊರುಗಳ ಇಟಾಲಿಯನ್ ಹೆಸರುಗಳನ್ನು, ಅದಕ್ಕಿಂತ ಮುಖ್ಯವಾಗಿ ನಿಲ್ದಾಣದ ಪೂರ್ಣ ಹೆಸರನ್ನು ಗಮನಿಸಿ. ವೆನೆತ್ಸಿಯಾ ಮೆಸ್ತ್ರೆ ಎಂಬುದು ಸಮುದ್ರದ ಈಚೆಗಿನ ನೆಲದ ಮೇಲಿದೆ, ದ್ವೀಪದೊಳಗಿನ ನಿಲ್ದಾಣ ವೆನೆತ್ಸಿಯಾ ಸಾಂತಾ ಲುಚಿಯಾ. ಫ್ಲಾರೆನ್ಸ್‌ನಲ್ಲಿ ಇಳಿಯಬೇಕಾದದ್ದು ಫಿರೆಂಜೆ ಸಾಂತಾ ಮರಿಯಾ ನೊವೆಲ್ಲಾ, ಅಲ್ಲಿಂದ ದೊಡ್ಡ ಕೆಥೆಡ್ರಲ್‌ಗೆ ಹತ್ತು ನಿಮಿಷದ ನಡಿಗೆ. ರೋಮ್‌ನಲ್ಲಿ ತೆರ್ಮಿನಿ ಮತ್ತು ತಿಬುರ್ತಿನಾ ಬೇರೆ ಬೇರೆ. ನಿಲ್ದಾಣದ ಫಲಕದಲ್ಲಿ ರೈಲಿನ ಕೊನೆಯ ಊರನ್ನು ಮಾತ್ರ ದೊಡ್ಡದಾಗಿ ತೋರಿಸುತ್ತಾರೆ. ಫ್ಲಾರೆನ್ಸ್‌ನಿಂದ ರೋಮ್‌ಗೆ ಹೋಗುವ ರೈಲು ‘ನಾಪೊಲಿ’ (ನೇಪಲ್ಸ್) ಅಥವಾ ಅದರಾಚೆಯ ‘ಸಲೆರ್ನೊ’ ಎಂದು ಕಾಣಿಸಬಹುದು. ಹಾಗಾಗಿ ನಮ್ಮಲ್ಲಿ ಮಾಡುವಂತೆ ರೈಲಿನ ನಂಬರು ಹಿಡಿದೇ ಹುಡುಕಬೇಕು. ಪ್ಲಾಟ್‌ಫಾರಂ ಸಂಖ್ಯೆ, ಅಂದರೆ ‘ಬಿನಾರಿಯೊ’, ರೈಲು ಹೊರಡುವ ಸ್ವಲ್ಪ ಹೊತ್ತಿಗೆ ಮುಂಚೆ ಮಾತ್ರ ಫಲಕಕ್ಕೆ ಬರುತ್ತದೆ. ಆ ಹೊತ್ತಿನಲ್ಲಿ ಜನ ಒಮ್ಮೆಲೇ ನುಗ್ಗುತ್ತಾರೆ, ಜೇಬುಗಳ್ಳರಿಗೂ ಅದೇ ಸಮಯ. ನಿಮ್ಮ ಸೂಟ್‌ಕೇಸ್ ಎತ್ತಿಕೊಡಲು ಅಥವಾ ಟಿಕೆಟ್ ಯಂತ್ರದ ಬಳಿ ‘ಸಹಾಯ’ ಮಾಡಲು ತಾವಾಗಿ ಬರುವವರಿಗೆ ನಯವಾಗಿ ಬೇಡವೆನ್ನಿ.

ಪೀಸಾದಂಥ ಊರುಗಳಿಗೆ ಹೋಗುವ ‘ರೆಜೊನಾಲೆ’, ಅಂದರೆ ಪ್ರಾದೇಶಿಕ, ರೈಲುಗಳ ರೀತಿಯೇ ಬೇರೆ. ಅವುಗಳ ದರ ಬದಲಾಗುವುದಿಲ್ಲ, ಸೀಟು ಕಾಯ್ದಿರಿಸುವುದೂ ಇಲ್ಲ, ಹೊರಡುವ ದಿನವೇ ಕೊಂಡರೆ ಸಾಕು. ಆದರೆ ಕಾಗದದ ಟಿಕೆಟನ್ನು ಹತ್ತುವ ಮೊದಲು ಪ್ಲಾಟ್‌ಫಾರಂ ಬಳಿಯ ಚಿಕ್ಕ ಯಂತ್ರಕ್ಕೆ ಕೊಟ್ಟು ಮುದ್ರೆ ಹಾಕಿಸಿಕೊಳ್ಳಬೇಕು; ಇಲ್ಲದಿದ್ದರೆ ಹಣ ಕೊಟ್ಟು ಕೊಂಡ ಟಿಕೆಟಿದ್ದರೂ ದಂಡ ಬೀಳುತ್ತದೆ. ಮೊಬೈಲಿನಲ್ಲಿ ಕೊಂಡವರು ಅದರಲ್ಲಿರುವ ಸೂಚನೆಯನ್ನು ಹತ್ತುವ ಮೊದಲೇ ಓದಿಕೊಳ್ಳಿ.

ಕಿಟಕಿಯ ನೋಟದ ಆಸೆಯಿಂದ ವೇಗದ ರೈಲು ಹತ್ತುವವರಿಗೆ ಒಂದು ಮಾತು. ಬೊಲೊನ್ಯಾ ಮತ್ತು ಫ್ಲಾರೆನ್ಸ್ ನಡುವೆ 2009ರಲ್ಲಿ ತೆರೆದ ಮಾರ್ಗ ಸುಮಾರು 78 ಕಿಲೋಮೀಟರ್ ಉದ್ದವಿದ್ದು, ಅದರಲ್ಲಿ 73 ಕಿಲೋಮೀಟರ್‌ಗಳಷ್ಟು ಸುರಂಗದಲ್ಲೇ ಇದೆ. ಅಪೆನ್ನೈನ್ ಪರ್ವತಗಳನ್ನು ದಾಟಿದಿರಿ ಎಂಬುದು ಕಿವಿ ಗುಂಯ್ ಎನ್ನುವುದರಿಂದ ತಿಳಿಯಬೇಕು. ನೋಡಲೇಬೇಕಾದ ತುಣುಕು ವೆನಿಸ್‌ನಿಂದ ಹೊರಟ ಮೊದಲ ಕೆಲವು ನಿಮಿಷಗಳದ್ದು. 1846ರಲ್ಲಿ ತೆರೆದ ಸೇತುವೆಯ ಮೇಲೆ ರೈಲು ನೀರಿನ ನಡುವೆ ಸಾಗುತ್ತದೆ.

ಆ ವೆನಿಸ್‌ನಲ್ಲೇ ಲಗೇಜು ಹೆಚ್ಚು ಕಾಡುವುದು. ಕಾರಿಲ್ಲ, ಆಟೋ ಇಲ್ಲ, ಪ್ರತಿ ಸೇತುವೆಗೂ ಮೆಟ್ಟಿಲು. ಹೋಟೆಲು ಆರಿಸುವಾಗ ದೂರವನ್ನು ಮೀಟರಿನಲ್ಲಿ ಕೇಳಬೇಡಿ, ವಾಟರ್ ಬಸ್ ನಿಲ್ದಾಣದಿಂದ ಎಷ್ಟು ಸೇತುವೆ ದಾಟಬೇಕೆಂದು ಕೇಳಿ. ನಾವು ಒಬ್ಬೊಬ್ಬರಿಗೂ ಕ್ಯಾಬಿನ್ ಗಾತ್ರದ ಒಂದೇ ಸೂಟ್‌ಕೇಸ್ ಎಂದು ಕಟ್ಟುಪಾಡು ಮಾಡಿಕೊಂಡಿದ್ದೆವು. ಇಡೀ ಪ್ರವಾಸದಲ್ಲಿ ಇದಕ್ಕಿಂತ ಒಳ್ಳೆಯ ನಿರ್ಧಾರ ಮತ್ತೊಂದಿರಲಿಲ್ಲ. ಹಗಲಿಗಷ್ಟೇ ಬಂದು ಹೋಗುವವರಿಂದ ವೆನಿಸ್ 2024ರಿಂದ ಕೆಲವು ನಿಗದಿತ ದಿನಗಳಲ್ಲಿ ಪ್ರವೇಶ ಶುಲ್ಕ ವಸೂಲು ಮಾಡುತ್ತಿದೆ. ಅಲ್ಲೇ ರಾತ್ರಿ ತಂಗುವವರಿಗೆ ವಿನಾಯಿತಿಯಿದೆ, ಆದರೆ ಅದನ್ನು ಆನ್‌ಲೈನಿನಲ್ಲಿ ನೋಂದಾಯಿಸಿ ಪಡೆಯಬೇಕು.

ಊರುಗಳಿಗೆ ದಿನ ಹಂಚುವಾಗ ವಾರವನ್ನೂ ನೋಡಿ. ಫ್ಲಾರೆನ್ಸ್‌ನ ಉಫೀತ್ಸಿ ಕಲಾಸಂಗ್ರಹಾಲಯ ಮತ್ತು ಮೈಕೆಲೇಂಜೆಲೊನ ಡೇವಿಡ್ ಶಿಲ್ಪ ಇರುವ ಅಕ್ಕಾದೆಮಿಯಾ ಸೋಮವಾರ ಮುಚ್ಚಿರುತ್ತವೆ, ವ್ಯಾಟಿಕನ್ ಮ್ಯೂಸಿಯಂಗಳು ತಿಂಗಳ ಕೊನೆಯದನ್ನು ಬಿಟ್ಟು ಉಳಿದ ಭಾನುವಾರ ತೆರೆಯುವುದಿಲ್ಲ. ಸೋಮವಾರವನ್ನು ಪೀಸಾಕ್ಕೋ ಊರು ಬದಲಿಸುವುದಕ್ಕೋ ಇಟ್ಟುಕೊಂಡರೆ ಆಯಿತು. ಕೊಲೊಸಿಯಂನ ಟಿಕೆಟು ಸುಮಾರು ಒಂದು ತಿಂಗಳ ಮುಂಚೆ ಬಿಡುಗಡೆಯಾಗುತ್ತದೆ ಮತ್ತು ಬೇಗ ಮುಗಿಯುತ್ತದೆ. ಅದರ ಮೇಲೆ ಹೆಸರಿರುವುದರಿಂದ ಪಾಸ್‌ಪೋರ್ಟ್ ಜೊತೆಗಿರಲಿ.

ಸಸ್ಯಾಹಾರಿಗಳಿಗೆ ಇಟಲಿ ಯೂರೋಪಿನ ಅನೇಕ ದೇಶಗಳಿಗಿಂತ ಸುಲಭವೆಂದೇ ನನ್ನ ಅಭಿಪ್ರಾಯ. ಆದರೆ ಪಾರ್ಮೆಜಾನ್ ಚೀಸ್ ಮಾಡಲು ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಎಂಬ ಪದಾರ್ಥ ಬಳಸುತ್ತಾರೆ. ಅದು ಬೇಡವೆನ್ನುವವರು ಚೀಸ್ ಇಲ್ಲದ ಮರಿನಾರಾ ಪಿಜ್ಜಾ ಅಥವಾ ಬೆಳ್ಳುಳ್ಳಿ ಮತ್ತು ಆಲಿವ್ ಎಣ್ಣೆಯ ಸ್ಪಗೆಟಿ ಕೇಳಬಹುದು. ಅತ್ತೆಯವರು ಮೆಣಸಿನಪುಡಿಯ ಡಬ್ಬಿಯೊಂದಿಗೆ ಅದನ್ನೇ ನೆಚ್ಚಿಕೊಂಡರು.

ಕೊನೆಯದಾಗಿ ರೈಲು ಮುಷ್ಕರ, ಇಟಲಿಯವರ ‘ಶೋಪೆರೊ’. ಇದು ಅಪರೂಪವಲ್ಲ, ಆದರೆ ಮುಂಚಿತವಾಗಿಯೇ ಘೋಷಿಸಿ ನಡೆಸುತ್ತಾರೆ. ಮುಷ್ಕರದ ದಿನವೂ ಓಡುವ ವೇಗದ ರೈಲುಗಳ ಪಟ್ಟಿ ತ್ರೆನಿಟಾಲಿಯಾ ತಾಣದಲ್ಲಿರುತ್ತದೆ, ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9 ಮತ್ತು ಸಂಜೆ 6ರಿಂದ 9ರವರೆಗೆ ಪ್ರಾದೇಶಿಕ ರೈಲುಗಳ ಅಗತ್ಯ ಸೇವೆ ಇರುತ್ತದೆ. ಹೊರಡುವ ವಾರ ಒಮ್ಮೆ ಪರಿಶೀಲಿಸಿ. ಇದೇ ಕಾರಣಕ್ಕೆ ವಿಮಾನ ಹತ್ತುವ ಹಿಂದಿನ ರಾತ್ರಿಯಾದರೂ ರೋಮ್‌ನಲ್ಲೇ ಇರಬೇಕು. ಫ್ಲಾರೆನ್ಸ್‌ನಿಂದ ಬೆಳಿಗ್ಗೆ ಹೊರಟು ಮಧ್ಯಾಹ್ನದ ವಿಮಾನ ಹಿಡಿಯುವ ಲೆಕ್ಕಾಚಾರ ಬೇಡ. ತೆರ್ಮಿನಿಯಿಂದ ಫ್ಯೂಮಿಚೀನೊ ವಿಮಾನ ನಿಲ್ದಾಣಕ್ಕೆ ಲಿಯೊನಾರ್ಡೊ ಎಕ್ಸ್‌ಪ್ರೆಸ್ 32 ನಿಮಿಷದಲ್ಲಿ ತಲುಪಿಸುತ್ತದೆ, ತಲಾ 14 ಯೂರೊ. ನಾಲ್ಕು ಜನರಿದ್ದರೆ ಟ್ಯಾಕ್ಸಿಯ ನಿಗದಿತ ದರವನ್ನೂ ಕೇಳಿ ನೋಡಿ, ಹೋಟೆಲಿನ ಬಾಗಿಲಿನಿಂದಲೇ ಹೊರಡುವ ಅನುಕೂಲ ಅದಕ್ಕಿದೆ.