ವಿಮಾನದ ಟಿಕೆಟ್, ಪ್ರೀಪೇಯ್ಡ್ ಕಾರ್ಡ್ ಮತ್ತು ಕೊನೇ ಪುಟದ ಫೀಸು

ಉಡುಪಿಯ ಒಂದು ಮನೆಯಿಂದ ನಾಲ್ಕು ಜನ ಮದುವೆಗೆ ಮುಂಬೈಗೆ ಹೋಗಿ ಬರಬೇಕು. ಮಂಗಳೂರಿನ ಬಜ್ಪೆಯಿಂದ ಹೊರಡುವ ಅಗ್ಗದ ವಿಮಾನ ಹುಡುಕಿ, ಹೆಸರು ತುಂಬಿಸಿ, ಸೀಟು ಬೇಡ, ಊಟ ಬೇಡ, ಇನ್ಶೂರೆನ್ಸ್ ಬೇಡ ಎಂದು ಒಂದೊಂದೇ ದಾಟಿಕೊಂಡು ಹಣ ಕಟ್ಟುವ ಪುಟಕ್ಕೆ ಬಂದರೆ ಮೊತ್ತ ಏರಿ ಕೂತಿರುತ್ತದೆ. ಆನ್‌ಲೈನ್ ಬುಕಿಂಗಿಗೆಂದು ಸೈಟಿನವರು ಸೇರಿಸುವ ಕನ್ವೀನಿಯನ್ಸ್ ಫೀ ಅದೇ. ಇಡೀ ಬುಕಿಂಗಿಗೆ ಒಂದೇ ಸಲ ಬೀಳುತ್ತದೆ ಎಂದುಕೊಂಡವರೇ ಹೆಚ್ಚು. ಆದರೆ ಸಾಮಾನ್ಯವಾಗಿ ಲೆಕ್ಕ ತಲೆಗಿಷ್ಟು, ಒಂದು ದಾರಿಗಿಷ್ಟು. 300 ರೂಪಾಯಿ ಎಂದಿಟ್ಟುಕೊಂಡರೂ ನಾಲ್ಕು ಜನ ಹೋಗಿ ಬರಲು 2,400. ಟಿಕೆಟ್ ರದ್ದು ಮಾಡಿದರೆ ಇದು ಸಾಮಾನ್ಯವಾಗಿ ಮರಳಿ ಬರುವುದೂ ಇಲ್ಲ.

‘ಪ್ರೀಪೇಯ್ಡ್ ಕಾರ್ಡಿನಲ್ಲಿ, ಅಂದರೆ ಮೊದಲೇ ಹಣ ತುಂಬಿಸಿಟ್ಟ ಕಾರ್ಡಿನಲ್ಲಿ ಕಟ್ಟಿದರೆ ಈ ಫೀಸಿಲ್ಲ’ ಎನ್ನುವ ಮಾತು ಕೇಳಿರಬಹುದು. ಅದು ಯುರೋಪಿನದು. 2010ರ ಆರಂಭದಿಂದ ಐರ್ಲೆಂಡಿನ ಅಗ್ಗದ ವಿಮಾನ ಕಂಪನಿ ರಯಾನ್‌ಏರ್ ಪ್ರೀಪೇಯ್ಡ್ ಮಾಸ್ಟರ್‌ಕಾರ್ಡಿಗೆ ಫೀಸು ಬಿಟ್ಟಿತ್ತು. ಅದಕ್ಕೆ ಮೊದಲು ವೀಸಾ ಎಲೆಕ್ಟ್ರಾನ್ ಎಂಬ ಡೆಬಿಟ್ ಕಾರ್ಡಿಗೆ ಆ ಸೌಲಭ್ಯ ಇತ್ತು. ಈಗ ಅಲ್ಲಿ ಆ ಉಪಾಯ ಯಾರಿಗೂ ಬೇಡ. ಬ್ರಿಟನ್ನಿನಲ್ಲಿ 2018ರ ಜನವರಿ 13ರಿಂದ ಗ್ರಾಹಕರ ಕಾರ್ಡಿನ ಮೇಲೆ ಸರ್‌ಚಾರ್ಜ್ ಹಾಕುವುದನ್ನೇ ನಿಷೇಧಿಸಿದ್ದಾರೆ. ನಮ್ಮಲ್ಲಿ ಪ್ರೀಪೇಯ್ಡ್ ಎಂದ ಮಾತ್ರಕ್ಕೆ ಫೀಸು ಬಿಡುತ್ತಾರೆ ಎಂದು ನಂಬಿ ಕಾರ್ಡ್ ಕೊಳ್ಳಬೇಡಿ. ಕಾರ್ಡಿನ ಮೊದಲ ಆರೆಂಟು ಅಂಕಿಗಳಲ್ಲೇ ಯಾವ ಬ್ಯಾಂಕು, ಯಾವ ನೆಟ್‌ವರ್ಕು, ಕ್ರೆಡಿಟ್ಟೋ ಡೆಬಿಟ್ಟೋ ಪ್ರೀಪೇಯ್ಡೋ ಎಂಬುದೆಲ್ಲ ಸೈಟಿಗೆ ಗೊತ್ತಾಗುತ್ತದೆ. ದರ ನಿರ್ಧಾರ ಅವರದು.

ಆದ್ದರಿಂದ ಪರೀಕ್ಷೆ ಮಾಡಬೇಕಾದ್ದು ಆ ಕೊನೇ ಪುಟದಲ್ಲೇ. ಯುಪಿಐ, ರುಪೇ ಡೆಬಿಟ್, ನೆಟ್‌ಬ್ಯಾಂಕಿಂಗ್, ಕಾರ್ಡ್, ವಾಲೆಟ್ ಒಂದೊಂದನ್ನೂ ಒತ್ತಿ ಕೆಳಗಿನ ಒಟ್ಟು ಮೊತ್ತ ನೋಡಿ. ಕೆಲವು ಕಡೆ ಕಾರ್ಡ್ ನಂಬರ್ ಹಾಕಿದ ಮೇಲಷ್ಟೇ ಮೊತ್ತ ಬದಲಾಗುತ್ತದೆ. ನಮ್ಮ ಕಾರ್ಡಾದರೆ ಒಟಿಪಿ ಕೊಡುವವರೆಗೆ ಹಣ ಹೋಗುವುದಿಲ್ಲ, ಧೈರ್ಯವಾಗಿ ನೋಡಬಹುದು. ಯುಪಿಐಗೂ ರುಪೇ ಡೆಬಿಟ್ಟಿಗೂ 2020ರ ಜನವರಿಯಿಂದ ವ್ಯಾಪಾರಿಯು ಬ್ಯಾಂಕಿಗೆ ಕಮಿಷನ್ ಕೊಡಬೇಕಾಗಿಲ್ಲ. ಎಲ್ಲಾದರೂ ಕಡಿಮೆ ಇದ್ದರೆ ಅಲ್ಲಿರುವ ಸಾಧ್ಯತೆ ಹೆಚ್ಚು, ಮೊದಲು ಅವೆರಡನ್ನೇ ಒತ್ತಿ ನೋಡಿ. ಮಂಗಳೂರು ಹಂಪನಕಟ್ಟೆಯ ಟಿಕೆಟ್ ಏಜೆಂಟರನ್ನೂ ಒಮ್ಮೆ ಕೇಳುವುದರಲ್ಲಿ ತಪ್ಪಿಲ್ಲ. ಅವರು ಇಡೀ ಬುಕಿಂಗಿಗೆ ಒಂದೇ ಸರ್ವಿಸ್ ಚಾರ್ಜ್ ತೆಗೆದುಕೊಳ್ಳುವುದಾದರೆ ನಾಲ್ಕು ತಲೆಗೆ ಅದೇ ಅಗ್ಗವಾದೀತು.

ಕಂಪನಿ ಬೋನಸ್ಸಿನ ಜೊತೆ ಬಂದ, ಅಥವಾ ರಿವಾರ್ಡ್ ಪಾಯಿಂಟಿಗೆ ಸಿಕ್ಕ ಗಿಫ್ಟ್ ಕಾರ್ಡ್ (ಇದೂ ಒಂದು ಪ್ರೀಪೇಯ್ಡ್ ಕಾರ್ಡೇ) ಮನೆಯಲ್ಲಿದ್ದರೆ ಅದನ್ನು ಟಿಕೆಟಿಗೆ ಬಳಸಬಹುದು. ಆದರೆ ಎಡವುವುದೂ ಇಲ್ಲೇ. ರಿಸರ್ವ್ ಬ್ಯಾಂಕಿನ ನಿಯಮದಂತೆ ಗಿಫ್ಟ್ ಕಾರ್ಡಿನ ಮಿತಿ 10,000 ರೂಪಾಯಿ, ಮತ್ತೆ ತುಂಬಿಸುವಂತಿಲ್ಲ. ಹೆಚ್ಚಿನ ಸೈಟುಗಳು ಒಂದು ಬುಕಿಂಗಿಗೆ ಒಂದೇ ಕಾರ್ಡು ಒಪ್ಪುತ್ತವೆ. ಟಿಕೆಟ್ 10,480 ಆದರೆ ಕಾರ್ಡಿನಲ್ಲಿ ಹತ್ತು ಸಾವಿರ ಇದ್ದೂ ಪೇಮೆಂಟ್ ಫೇಲ್. ಇಬ್ಬಿಬ್ಬರಂತೆ ಎರಡು ಬುಕಿಂಗ್, ಅಂದರೆ ಎರಡು ಪಿಎನ್‌ಆರ್ ಮಾಡಿದರೆ ದಾಟಬಹುದು. ಆದರೆ ವಿಮಾನದ ಸಮಯ ಬದಲಾದರೆ ಎರಡನ್ನೂ ಬೇರೆ ಬೇರೆ ಸರಿ ಮಾಡಿಸಬೇಕು, ಮಕ್ಕಳೊಂದು ಕಡೆ ಅಮ್ಮ ಇನ್ನೊಂದು ಕಡೆ ಆಗಬಾರದು. ಕಾರ್ಡಿಗೆ ಮೊಬೈಲ್ ನಂಬರ್ ಸೇರಿಸಿರದಿದ್ದರೆ ಒಟಿಪಿಯೇ ಬಾರದು, ಅದನ್ನು ಮೊದಲೇ ಮಾಡಿಕೊಳ್ಳಿ. ಮತ್ತೆ ಮತ್ತೆ ತುಂಬಿಸುವ ಕಾರ್ಡಾದರೆ ಆ್ಯಪಿನಲ್ಲಿ ಆನ್‌ಲೈನ್ ವ್ಯವಹಾರದ ಸ್ವಿಚ್ ಆನ್ ಉಂಟಾ ನೋಡಿ.

ಬುಕಿಂಗ್ ಆಯಿತು, ಬ್ಯಾಲೆನ್ಸ್ 12 ರೂಪಾಯಿ ಉಳಿಯಿತು ಎಂದು ಕಾರ್ಡನ್ನು ಕಸದ ಬುಟ್ಟಿಗೆ ಹಾಕುವವರಿದ್ದಾರೆ. ಹಾಕಬೇಡಿ ಮಾರಾಯ್ರೆ. ರೀಫಂಡ್ ಬರುವುದು ಕಟ್ಟಿದ ಕಾರ್ಡಿಗೇ. ಎಷ್ಟು ಅಗ್ಗದ, ‘ರೀಫಂಡ್ ಇಲ್ಲ’ ಎಂಬ ಟಿಕೆಟಾದರೂ ರದ್ದು ಮಾಡಿದಾಗ ವಿಮಾನ ನಿಲ್ದಾಣದ ಯೂಸರ್ ಡೆವಲಪ್‌ಮೆಂಟ್ ಫೀ ಮೊದಲಾದವನ್ನು ಹಿಂತಿರುಗಿಸಬೇಕು ಎಂದು ವಿಮಾನಯಾನ ನಿಯಂತ್ರಕ ಡಿಜಿಸಿಎಯ ನಿಯಮವೇ ಇದೆ. ಆ ಹಣ ಬಿಸಾಡಿದ ಕಾರ್ಡಿನೊಳಗೆ ಹೋಗಿ ಕೂತರೆ ತೆಗೆಯಲು ಬ್ಯಾಂಕಿಗೆ ಅಲೆಯಬೇಕು. ಅವಧಿ ಮುಗಿಯಲು ಎರಡು ಮೂರು ತಿಂಗಳಷ್ಟೇ ಇರುವ ಕಾರ್ಡಿನಿಂದ ಟಿಕೆಟ್ ಮಾಡಿಸದಿರುವುದೇ ವಾಸಿ.

ಮಣಿಪಾಲದಲ್ಲಿ ಓದಿ ಜರ್ಮನಿಗೋ ಐರ್ಲೆಂಡಿಗೋ ಹೋಗುವ ಮಕ್ಕಳ ಕತೆ ಬೇರೆ. ರೂಪಾಯಿ ಗಿಫ್ಟ್ ಕಾರ್ಡ್ ಹೊರದೇಶದ ಸೈಟಿನಲ್ಲಿ ನಡೆಯುವುದಿಲ್ಲ, ಪ್ರೀಪೇಯ್ಡಿನಲ್ಲಾದರೆ ವಿದೇಶಿ ಹಣ ತುಂಬಿಸುವ ಫಾರೆಕ್ಸ್ ಕಾರ್ಡೇ ಬೇಕು. ಟಿಕೆಟ್ ಯುರೋದಲ್ಲಿದ್ದರೆ ಕಾರ್ಡಿಗೂ ಯುರೋವನ್ನೇ ತುಂಬಿಸಿ. ಡಾಲರ್ ತುಂಬಿಸಿ ಯುರೋ ಕಟ್ಟಿದರೆ ಕ್ರಾಸ್ ಕರೆನ್ಸಿ ಚಾರ್ಜ್ ಬೀಳುತ್ತದೆ. ಹಣ ಕಟ್ಟುವಾಗ ‘ನಿಮ್ಮ ಕಾರ್ಡಿನ ಕರೆನ್ಸಿಯಲ್ಲೇ ಕಟ್ಟಿ’ ಎಂಬ ಆಯ್ಕೆಗೆ ಮೊದಲೇ ಟಿಕ್ ಹಾಕಿಟ್ಟಿರುವುದುಂಟು. ಆ ವಿನಿಮಯ ದರ ಅವರದೇ, ಲಾಭ ಸೇರಿಸಿಯೇ ಇಟ್ಟದ್ದು. ಟಿಕ್ ತೆಗೆದು ಯುರೋ ಆರಿಸಿ. ಮಾಮೂಲಿ ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದರೆ ಸಾಮಾನ್ಯವಾಗಿ ಶೇ. 3.5 ಮಾರ್ಕಪ್ (ವಿನಿಮಯಕ್ಕೆಂದು ಬ್ಯಾಂಕು ಸೇರಿಸುವ ಶುಲ್ಕ), ಅದರ ಮೇಲೆ ಶೇ. 18 ಜಿಎಸ್‌ಟಿ, ಒಟ್ಟು ಶೇ. 4.13. ಇಪ್ಪತ್ತು ಸಾವಿರದ ಟಿಕೆಟಿಗೆ 826 ರೂಪಾಯಿ! ಫಾರೆಕ್ಸ್ ಕಾರ್ಡಿಗೆ ಚೂರು ಚೂರು ತುಂಬಿಸುವುದೂ ದಂಡ. 25,000 ರೂಪಾಯಿಯೊಳಗಿನ ವಿನಿಮಯಕ್ಕೆ ಜಿಎಸ್‌ಟಿ ಕನಿಷ್ಠ 45 ರೂಪಾಯಿ, ಐದೈದು ಸಾವಿರದಂತೆ ಮೂರು ಸಲ ಹಾಕಿದರೆ 135.

ಹಣ ಕಟ್ಟಾಗಿ ಟಿಕೆಟ್ ಬಾರದಿದ್ದರೆ ಗಾಬರಿಯಲ್ಲಿ ಇನ್ನೊಮ್ಮೆ ಕಟ್ಟಬೇಡಿ. ಇ-ಮೇಲ್ ಮತ್ತು ವಿಮಾನ ಕಂಪನಿಯ ಸೈಟು ಎರಡರಲ್ಲೂ ಪಿಎನ್‌ಆರ್ ಹುಟ್ಟಿದೆಯಾ ನೋಡಿ. ಹುಟ್ಟಿಲ್ಲವಾದರೆ ಐದು ದಿನದೊಳಗೆ ಹಣ ತಾನಾಗಿ ವಾಪಸಾಗಬೇಕು. ತಡವಾದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಎಂದು ರಿಸರ್ವ್ ಬ್ಯಾಂಕ್ 2019ರಲ್ಲೇ ಹೇಳಿದೆ. ದೂರು ಕೊಡುವಾಗ ಸ್ಕ್ರೀನ್‌ಶಾಟಿಗಿಂತ ಕೆಲಸಕ್ಕೆ ಬರುವುದು ಯುಪಿಐಯ 12 ಅಂಕಿಯ ರೆಫರೆನ್ಸ್ ನಂಬರ್. ಹಣ ಹೋದ ಕೂಡಲೇ ಅದನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ.